ಅತ್ತೆಗೆ ಹೊಲಿದ ಪ್ಯಾಂಟು

ಬೆಳಿಗ್ಗೆ ಹೊಲಿಗೆ ಮೆಷಿನ್ನಿನ ಮುಚ್ಚಳ ತೆಗೆದಾಗ ಹಳೆಯ ಎಣ್ಣೆಯ ವಾಸನೆ ಬಂತು. ಆ ವಾಸನೆಗೆ ನನಗೆ ನೆನಪಾಗುವುದು ನನ್ನ ಗಂಡನ ತಾಯಿ, ಅವರು ಒಂದು ದಿನವೂ ಮೆಷಿನ್ ಮುಟ್ಟಿದವರಲ್ಲದಿದ್ದರೂ.

ಎಪ್ಪತ್ತು ದಾಟಿದ ಮೇಲೆ ಅತ್ತೆ ಹಿತ್ತಲ ಮೆಟ್ಟಿಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು. ದಿನಾ ನಡೆಸದಿದ್ದರೆ ಹಾಸಿಗೆಯೇ ಗತಿ ಎಂದು ಕೊಪ್ಪದ ಡಾಕ್ಟರು ಹೇಳಿ ಕಳಿಸಿದ್ದರು. ವಾಕರ್ ಹಿಡಿದು ಹೆಜ್ಜೆ ಇಟ್ಟರೆ ಸೀರೆಯ ನೆರಿಗೆ ಕಾಲಿಗೆ ಸಿಕ್ಕುತ್ತಿತ್ತು, ನೈಟಿಯೂ ಅಷ್ಟೆ. ನಾನು ಹೊಲಿಯಲಾರದ ಬಟ್ಟೆಯೇ ಇಲ್ಲ ಎಂದು ನಂಬಿದ್ದ ಕಾಲ ಅದು, ನಗಬೇಡಿ. ಎಳೆದರೆ ಹಿಗ್ಗುವ ಕಪ್ಪು ಬಟ್ಟೆಯನ್ನು ಜಯಪುರ ಪೇಟೆಯಿಂದ ತಂದು, ಅತ್ತೆ ನಿದ್ದೆಯಲ್ಲಿದ್ದಾಗ ಅಳತೆ ತೆಗೆದು, ರವಿಕೆಗೆ ಹಾಕುವ ಹಾಗೆಯೇ ನೇರ ಹೊಲಿಗೆ ಹಾಕಿ ಪ್ಯಾಂಟು ಮುಗಿಸಿದೆ.

ಅತ್ತೆ ಹಾಕಿಸಿಕೊಂಡರು. ವ್ಯಾಯಾಮ ಮಾಡಿಸಲು ಬಂದವರ ಎದುರಿಗೇ ಕುರ್ಚಿಯಲ್ಲಿ ಕೂತರು, ಹಿಂದಿನ ಹೊಲಿಗೆ ಪಟಪಟನೆ ಕಿತ್ತುಹೋಯಿತು. ಬಟ್ಟೆ ಹಿಗ್ಗಿತ್ತು, ನೂಲು ಹಿಗ್ಗಲಿಲ್ಲ.

"ನನ್ನ ಮಾನ ತೆಗೆದಿದ್ದು ಸಾಕು ಮಾರಾಯ್ತಿ" ಎಂದು ಅತ್ತೆ ಗೋಡೆಯ ಕಡೆ ತಿರುಗಿ ಮಲಗಿದರು. ಒಂದು ವಾರ ಏಳಲಿಲ್ಲ.

ಕಮ್ಮರಡಿಯ ಸರೋಜಕ್ಕ ಹಿಂದೆ ಬನಿಯನ್ ಫ್ಯಾಕ್ಟರಿಯಲ್ಲಿ ಹೊಲಿದವರು. ಕಿತ್ತುಹೋದ ಪ್ಯಾಂಟನ್ನು ಅವರಲ್ಲಿಗೆ ಒಯ್ದು ನಡೆದದ್ದು ಹೇಳಿದೆ. "ಮೊನೆ ಉರುಟಾಗಿರೋ ಸೂಜಿ ಹಾಕು. ಹೊಲಿಗೆ ಅಂಕುಡೊಂಕು ಬರ್ಲಿ, ಆಗ ಅದೂ ಹಿಗ್ಗುತ್ತೆ. ಬಟ್ಟೆ ಎಳೀಬೇಡ, ಅದರಷ್ಟಕ್ಕೇ ಹೋಗ್ಲಿ" ಎಂದರು. ಆಮೇಲೆ ನನ್ನ ಮುಖ ನೋಡಿ, "ಹಾಕ್ಕೊಳ್ತೀರಾ ಅಂತ ಅವರ ಹತ್ರ ಕೇಳಿದ್ಯಾ?" ಎಂದರು.

ಕೇಳಿರಲಿಲ್ಲ. ಸಂಜೆ ಹಾಸಿಗೆಯ ಅಂಚಿನಲ್ಲಿ ಕೂತು ಕೇಳಿದೆ. ಅತ್ತೆ ನನ್ನ ಕಡೆ ಹೊರಳಿ ಹೇಳಿದರು: "ಮೇಲೆ ಮಂಡಿವರೆಗೆ ಅಂಗಿ ಇದ್ರೆ ಹಾಕ್ಕೊಳ್ತೀನಿ. ಕಪ್ಪು ಬಣ್ಣ ಬೇಡ."

ಈ ಸಲ ಅವರನ್ನು ಕೂರಿಸಿ ಅಳತೆ ತೆಗೆದು, ಸರೋಜಕ್ಕ ಹೇಳಿದ ಹಾಗೆ ಪ್ಯಾಂಟು, ಮೇಲೊಂದು ಅಂಗಿ ಹೊಲಿದೆ. ನೇರಳೆ ಬಣ್ಣದ ಆ ಪ್ಯಾಂಟಿನಲ್ಲಿ ಅವರು ಮೊದಲು ಜಗಲಿಯವರೆಗೆ, ಆಮೇಲೆ ರಸ್ತೆಯವರೆಗೆ ನಡೆದರು. ಕೆಲವು ತಿಂಗಳ ನಂತರ ಒಂದು ಮಧ್ಯಾಹ್ನ ಅತ್ತೆ ಮನೆಯಲ್ಲೇ ಇರಲಿಲ್ಲ. ನಾವು ಗಾಬರಿಯಿಂದ ಹುಡುಕುತ್ತಿದ್ದರೆ, ಕೋಲೂರಿಕೊಂಡು ಬಸ್ಸಿಳಿದು ಬಂದರು.

"ಹರಿಹರಪುರಕ್ಕೆ ಹೋಗಿದ್ದೆ, ಅಕ್ಕನ್ನ ನೋಡ್ಲಿಕ್ಕೆ. ಬಸ್ಸಿನ ಮೆಟ್ಲು ನಾನೇ ಹತ್ತಿದೆ" ಎಂದರು.

ಅತ್ತೆ ತೀರಿಹೋಗಿ ಎರಡು ವರ್ಷವಾಯಿತು. ಇವತ್ತು ಪಕ್ಕದ ಮನೆಯ ಗಿರಿಜ, ಮಂಡಿ ಆಪರೇಷನ್ ಆದ ತನ್ನ ಅಮ್ಮನಿಗೆಂದು ಅಂಥದ್ದೇ ಬಟ್ಟೆ ತಂದಿದ್ದಾಳೆ. "ಅಮ್ಮಂಗೆ ಹೇಳಿಲ್ಲ. ಹೊಲಿದು ಕೊಡಿ, ಹಾಕಿಸಿಬಿಡ್ತೀನಿ" ಎಂದಳು.

ನಾನು ಕತ್ತರಿ ಕೆಳಗಿಟ್ಟೆ. ಚಪ್ಪಲಿ ಮೆಟ್ಟಿಕೊಂಡು, ಅವಳ ಅಮ್ಮನನ್ನು ಕೇಳಲು ಹೊರಟೆ.