ಮಾಲೀಕನ ಪಾತ್ರ

ಹೊಸ ಕಾರ್ಖಾನೆಯ ಕರಿ ನೀರು ಹಳ್ಳಕ್ಕೆ ಸೇರುತ್ತಿದ್ದ ಒಂದು ಊರಿಗೆ ಇಂಡಿ ಪಟ್ಟಣದಿಂದ ಟೆಂಪೊದಲ್ಲಿ ಹೋಗಿ, ಜನರಿಗೆ ತಿಳಿಹೇಳಲು ಬೀದಿ ನಾಟಕ ಆಡಿದೆವು. ಅದರಲ್ಲಿ ನಾನು ಕಾರ್ಖಾನೆಯ ಮಾಲೀಕ. ನೀರು ಕೆಟ್ಟಿತೆಂದು ಗೋಳಾಡಿದವರಿಗೆಲ್ಲ ಹೊಟ್ಟೆ ಸವರಿಕೊಳ್ಳುತ್ತ, “ನೋಡೋಣ, ನಾಳಿ ಬರ್ರಿ” ಅಂದೆ. ಊರೇ ಬಿದ್ದು ಬಿದ್ದು ನಕ್ಕಿತು. ಗೆದ್ದೆವು ಅಂದುಕೊಂಡೆ.

ವೇಷ ಕಳಚುವ ಮೊದಲೇ, ಎಲ್ಲರಿಗಿಂತ ಜೋರಾಗಿ ನಕ್ಕಿದ್ದ ಹೆಂಗಸೊಬ್ಬಳು ಹತ್ತಿರ ಬಂದಳು.

“ಸಾಹೇಬ್ರ, ನನ್ನ ಮಗಳು ಡಿಗ್ರಿ ಮುಗಿಸ್ಯಾಳ. ಫ್ಯಾಕ್ಟರಿಯಾಗ ಒಂದು ಕೆಲಸ ಕೊಡ್ರಿ.”

“ಅಕ್ಕಾರ, ಅದು ನಾಟಕರೀ!” ಎಂದು ರೇಗಿದೆ.

“ಗೊತ್ತೈತ್ರಿ. ಆದ್ರ ಮಾಲೀಕರನ್ನ ಇಷ್ಟು ಚಂದ ಮಾಡೀರಿ ಅಂದ್ರ ಅವರು ನಿಮಗ ಗುರ್ತು ಇರಬೇಕಲ್ರಿ?”

ಹಳ್ಳದ ಮಾತು ಎತ್ತಲೋ, ಅವಳ ಮಗಳ ಮಾತು ಎತ್ತಲೋ ತಿಳಿಯಲಿಲ್ಲ. ಬಾಯಿಗೆ ಬಂದದ್ದು ಒಂದೇ: “ನೋಡೋಣ, ನಾಳಿ ಬರ್ರಿ.”

ಈ ಸಲ ಯಾರೂ ನಗಲಿಲ್ಲ.