ಕಾಣದ ಜೆನಾನ್, ಆರದ ಕಷಾಯ

೨೦೦೨ರಲ್ಲಿ ನಾನು ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಲೇಸರ್ ಎಂಜಿನಿಯರ್. ಶಿರಸಿಯ ಕಾಲೇಜೊಂದಕ್ಕೆ ಎರಡು ದಿನದ ಮಟ್ಟಿಗೆ ಡಯೋಡ್ ಲೇಸರ್ ಒಯ್ಯುವ ಕೆಲಸ ನನ್ನ ತಲೆಗೆ ಬಂತು. ನಾನು ಅದೇ ಜಿಲ್ಲೆಯ ನಂದೊಳ್ಳಿಯವನು, ಆ ಕಡೆಯ ಮಾತು ಬರುತ್ತದೆ ಎಂಬುದೊಂದೇ ಕಾರಣ.

ಅಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಹೆಗಡೆಯವರು ಆ ತಿಂಗಳ ಕೊನೆಗೆ ನಿವೃತ್ತರಾಗುವವರಿದ್ದರು. ಜೆನಾನ್ ಪರಮಾಣುಗಳನ್ನು ಒಂದೇ ದಿಕ್ಕಿಗೆ ನಿಲ್ಲಿಸಿ, ಅವುಗಳ ಕ್ಷೀಣ ಕಾಂತೀಯ ಸಂಕೇತವನ್ನು ಸಾವಿರಾರು ಪಟ್ಟು ಹಿಗ್ಗಿಸಿ ಒಮ್ಮೆ ಕಣ್ಣಾರೆ ಕಾಣಬೇಕೆಂಬುದು ಅವರ ನಾಲ್ಕು ವರ್ಷದ ಹಟ. ಇದನ್ನೇ ಹೈಪರ್‌ಪೋಲರೈಸೇಶನ್ ಎನ್ನುವುದು. ಗಾಜಿನ ಬುರುಡೆಯೊಳಗೆ ಜೆನಾನ್ ಜೊತೆ ಚೂರು ರುಬಿಡಿಯಂ ಇರುತ್ತದೆ. ಲೇಸರ್ ಬೆಳಕು ರುಬಿಡಿಯಂ ಆವಿಯನ್ನು ಸಾಲಿಗೆ ತರುತ್ತದೆ, ಅದು ಜೆನಾನನ್ನು ಸಾಲಿಗೆ ತರುತ್ತದೆ. ಆದರೆ ತರಂಗಾಂತರ ೭೯೫ ನ್ಯಾನೋಮೀಟರಿನ ಹತ್ತಿರವೇ ನಿಲ್ಲಬೇಕು. ಡಯೋಡ್ ಒಂದು ಡಿಗ್ರಿ ಬಿಸಿಯಾದರೂ ಸುಮಾರು ೦.೩ ನ್ಯಾನೋಮೀಟರ್ ಜಾರುತ್ತದೆ.

ಮೊದಲ ದಿನ ಬೆಳಿಗ್ಗೆಯೇ ಲೇಸರ್ ಹೊಂದಿಸಿದೆ. ಸಂಜೆಯವರೆಗೂ ಸಂಕೇತ ತೋರಿಸಬೇಕಿದ್ದ ಪರದೆಯ ಮೇಲೆ ಬರೀ ಗೀಟು. ಈ ನಡುವೆ ಅಟೆಂಡರ್ ಮಾದೇವ ನಾಯ್ಕರು ಗಂಟೆಗೊಮ್ಮೆ ಕಷಾಯ ತಂದು, ಲೋಟ ಖಾಲಿಯಾಗುವವರೆಗೆ ಎದುರಿಗೇ ನಿಲ್ಲುವರು. ಬೇಡವೆಂದರೆ ಮುಖ ಸಣ್ಣದಾಗುತ್ತಿತ್ತು. ನನಗೆ ರೇಗಿಹೋಯಿತು.

ಮರುದಿನ ಬೆಳಿಗ್ಗೆಯೂ ಅದೇ ಗೀಟು. ತಾಳ್ಮೆ ತಪ್ಪಿ, ಸಂಕೇತ ಹಿಡಿಯಲೆಂದು ಹೆಗಡೆಯವರೇ ಸುತ್ತಿದ್ದ ತಂತಿಯ ಕಾಯಿಲ್ ಮೇಲೆ ಹರಿಹಾಯ್ದೆ.

"ಲೇಸರ್ ಸರಿ ಇದ್ದು ಹೆಗ್ಡೇರೆ. ನಿಮ್ಮ ಕಾಯಿಲ್ ಸರಿ ಇಲ್ಲೆ. ಬಿಚ್ಚಿ."

"ಮೂರು ಸಲ ಎಣಿಸಿ ಸುತ್ತಿದ್ದು, ಭಟ್ರೆ," ಎಂದರು. ಆದರೂ ನಾನೂರು ಸುತ್ತನ್ನೂ ಬಿಚ್ಚಿದರು.

ಅಷ್ಟರಲ್ಲಿ ಬಂದ ಕಷಾಯ ನಾಲಿಗೆ ಸುಟ್ಟಿತು. ಕ್ಯಾಂಟೀನು ಇರುವುದು ಮೈದಾನದ ಆಚೆ. ಇಷ್ಟು ಬಿಸಿ ಹೇಗೆಂದು ಕೇಳಿದೆ. ನಾಯ್ಕರು ಹೆಮ್ಮೆಯಿಂದ, ಲೇಸರಿಗೆ ಮರೆಯಾಗಿ ಇಳಿಬಿಟ್ಟಿದ್ದ ಕಪ್ಪು ಬಟ್ಟೆ ಸರಿಸಿ ತೋರಿಸಿದರು. ಲೇಸರ್ ಪೆಟ್ಟಿಗೆಯ ಬೆನ್ನಿಗೆ, ಶಾಖ ಹೊರಹಾಕುವ ಅಲ್ಯೂಮಿನಿಯಂ ಪಟ್ಟಿಗಳ ಮೇಲೆ, ಕಷಾಯದ ಕೆಟಲ್!

"ಇಲ್ಲಿ ಬೆಚ್ಚಗಿತ್ತಲ್ರಾ. ನೆಂಟ್ರಿಗೆ ತಣ್ದದ್ದು ಕೊಡೂಕಾಗ್ತದಾ?"

ಅಳೆದು ನೋಡಿದೆ. ಶಾಖ ಹೊರಹೋಗದೆ ಡಯೋಡ್ ಬಿಸಿಯಾಗಿ, ತರಂಗಾಂತರ ಒಂದು ನ್ಯಾನೋಮೀಟರಿಗೂ ಹೆಚ್ಚು ಜಾರಿತ್ತು. ಹಿಂದಿನ ದಿನ ಬೆಳಿಗ್ಗೆ ಹೊಂದಿಸಿದ್ದನ್ನು ನಾನು ಮತ್ತೊಮ್ಮೆ ನೋಡಿರಲೇ ಇಲ್ಲ. ನಾಚಿಕೆಯಿಂದ ಕೆಟಲ್ ಕೆಳಗಿಳಿಸಿ, ಲೇಸರನ್ನು ಮತ್ತೆ ಹೊಂದಿಸಿದೆ. ಹೆಗಡೆಯವರು ಮೊದಲ ಸುತ್ತಿನಿಂದ ತಂತಿ ಸುತ್ತತೊಡಗಿದರು.

ನಾಲ್ಕರ ಬಸ್ಸಿಗೆ ನಾನು ಲೇಸರ್ ಸಮೇತ ಹೊರಡಬೇಕಿತ್ತು. "ಇನ್ನೂ ನೂರು ಸುತ್ತು ಇದ್ದು, ಭಟ್ರೆ," ಎಂದರು ಹೆಗಡೆಯವರು. ಬಸ್ಸು ಹೋಗಲೆಂದು ಬಿಟ್ಟೆ. ಐದೂವರೆಗೆ ಗೀಟಿನ ನಡುವೆ ಸಂಕೇತ ನೆಟ್ಟಗೆ ಎದ್ದು ನಿಂತಿತು. ಹೆಗಡೆಯವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು.

"ಮಾದೇವಾ, ಭಟ್ರಿಗೆ ಕಷಾಯ ಕೊಡು. ತಣ್ಣಗಿದ್ರೂ ಅಡ್ಡಿ ಇಲ್ಲೆ."

ಆಮೇಲೆ ಇಡೀ ಸರ್ವೀಸಿನಲ್ಲಿ, ನನ್ನ ಪೆಟ್ಟಿಗೆಯ ಬೆನ್ನು ನೋಡದೆ ಇನ್ನೊಬ್ಬರ ಕಾಯಿಲ್ ಬಿಚ್ಚಿಸಲಿಲ್ಲ.