ಮಾಟಗಾತಿಯ ಪರ ವಾದ

ಎಪ್ಪತ್ತರ ದಶಕದಲ್ಲಿ ನಾನು ವಾರಪತ್ರಿಕೆಯೊಂದಕ್ಕೆ ಬೇರೆ ಹೆಸರಿನಲ್ಲಿ ಮಾಯಾಮಂತ್ರದ ಧಾರಾವಾಹಿ ಬರೆಯುತ್ತಿದ್ದೆ. ಮಾಟಗಾತಿ ಸಾಯುವ ಕಂತನ್ನು ಕೊಟ್ಟುಬರಲು ಒಂದು ದಿನ ರಾಜಾಜಿನಗರದಲ್ಲಿ ಬಸ್ಸು ಹತ್ತಿದೆ. ಮುಂದಿನ ಸೀಟಿನಲ್ಲಿ ಇಬ್ಬರು ಹೆಂಗಸರು ನನ್ನ ಕಥೆಯ ಬಗ್ಗೆಯೇ ಮಾತಾಡುತ್ತಿದ್ದರು.

“ಆ ಮಾಟಗಾತಿ ಕೆಟ್ಟೋಳಲ್ಲ ಕಣೇ. ಒಂದೊಂದು ಮಂತ್ರಕ್ಕೂ ಅವಳದೇ ಕೂದಲು ನರೆಯುತ್ತೆ. ಕೇಡು ಬಯಸೋಳು ತನ್ನ ಆಯಸ್ಸು ಕೊಡ್ತಾಳಾ?” ಎಂದರು ಒಬ್ಬರು.

ನರೆಗೂದಲು ಕಥೆಯ ಜೊತೆ ಅಚ್ಚಾಗುವ ಚಿತ್ರದಲ್ಲಿ ಚೆನ್ನಾಗಿ ಕಾಣುತ್ತದೆಂದು ಬರೆದಿದ್ದೆ, ಅಷ್ಟೆ. ತಡೆಯಲಾರದೆ, “ರಾಜಕುಮಾರನನ್ನ ಕಲ್ಲು ಮಾಡಿದಳಲ್ಲ?” ಎಂದೆ.

“ಕಲ್ಲಾಗಿದ್ದಕ್ಕೇ ಅವನು ಯುದ್ಧದಲ್ಲಿ ಉಳ್ಕೊಂಡ. ನೀವು ಸರಿಯಾಗಿ ಓದಿಲ್ಲ ಬಿಡಿ ಸಾರ್!”

ಮುಂದಿನ ಸ್ಟಾಪಿನಲ್ಲೇ ಇಳಿದು, ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ ಕಂತನ್ನು ತಿದ್ದಿ, ಆಕೆ ಹೇಳಿದಂತೆಯೇ ಮಾಟಗಾತಿಯನ್ನು ಒಳ್ಳೆಯವಳಾಗಿಸಿ ಬದುಕಿಸಿದೆ. ಮನಸ್ಸಿಗೆ ಹಾಯೆನಿಸಿತು.

ಹೊಸ ಕಂತು ಓದಿದ ಸಂಪಾದಕರು, “ಮೊದಲಿಂದಲೇ ಹೀಗೇ ಅಂದ್ಕೊಂಡಿದ್ರಾ?” ಎಂದು ಬೆರಗಾದರು. “ಹೌದು ಸಾರ್” ಎಂದೆ. ಮಾಯದ ಕಥೆ ಬರೆಯುವವನಿಗೆ ಅಷ್ಟು ಕಣ್ಕಟ್ಟಾದರೂ ಬರಬೇಡವೇ!